ಸತುವಿನ ಲೆಕ್ಕ

ಮೂರನೇ ಪಿರಿಯಡ್ಡಿಗೆ ಹದಿನೈದು ಪ್ರನಾಳ,
ಬೆರಳುದ್ದ ಸತುವಿನ ಪಟ್ಟಿ, ಮೆಗ್ನೀಸಿಯಂ ರಿಬ್ಬನ್ನು,
ಒಂದು ಹಿಡಿ ಮೊಳೆ, ತಾಮ್ರದ ತಂತಿ ಒಂದಿಷ್ಟು.
ನೀರಿಗೆ ಆಮ್ಲ ಬೆರೆಸುವುದು ನನ್ನ ಕೆಲಸ
(ಆಮ್ಲಕ್ಕೆ ನೀರಲ್ಲ, ಮರೆತೂ ಅಲ್ಲ),
ಪಾಠ ಹೇಳುವುದು ಬೇರೆಯವರದು.

ಗಾಜಿನ ಕಿಂಡಿಯ ಈಚೆ ನಿಂತು ನೋಡುತ್ತೇನೆ.
ಮೆಗ್ನೀಸಿಯಂ ಬಿದ್ದದ್ದೇ ತಡ, ಭುಸುಗುಟ್ಟಿ ಮುಗಿದೇ ಹೋಯಿತು.
ಸತು ಸಾವಧಾನ, ಗುಳ್ಳೆಗುಳ್ಳೆಯಾಗಿ ಬಾಕಿ ತೀರಿಸುತ್ತದೆ.
ಮೊಳೆಗೆ ಸೋಮವಾರದ ಮೈಗಳ್ಳತನ.
ತಾಮ್ರ ಮಿಸುಕಲೇ ಇಲ್ಲ.
"ನನ್ನದು ಕೆಟ್ಟಿದೆ, ಮಿಸ್" ಎಂದು ಕೀರನ್ ಕೈ ಎತ್ತಿದ.
ಕೆಟ್ಟಿಲ್ಲವೋ ಮಾರಾಯ,
ಅದರ ಜಾತಕವೇ ಅಷ್ಟು.

ಸಂಜೆ ಐದಕ್ಕೆ ಕೀಲಿಗೊಂಚಲು ಝಣಗುಡಿಸುತ್ತ
ಕಿಟಕಿ ಮುಚ್ಚಲು ಟ್ರಾಂಟರ್ ಬರುತ್ತಾರೆ.
ವಿಲೆನ್‌ಹಾಲ್ ಬೀಗ ಮಾಡುವವರ ಊರು.
ಇವರು ಮಾತ್ರ ಕಾಲುವೆ ದಂಡೆಯ ಕಾರ್ಖಾನೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಹುಳಿತೊಟ್ಟಿ ಕಾದವರು.
ಗೇಟು, ಬಕೆಟ್ಟು, ದೀಪದ ಕಂಬ,
ಎಲ್ಲಕ್ಕೂ ಮೊದಲು ಕ್ಷಾರದಲ್ಲಿ ಜಿಡ್ಡು ಬಿಡಿಸಬೇಕು,
ಆಮೇಲೆ ಆಮ್ಲದಲ್ಲಿ ತುಕ್ಕು,
ಕೊನೆಗೆ ಕರಗಿದ ಸತುವಿನಲ್ಲಿ ಒಂದೇ ಮುಳುಗು.
ನಕ್ಕರೆ ಕಾಣುತ್ತದೆ: ಮುಂದಿನ ಹಲ್ಲೆಲ್ಲ
ಅರ್ಧಕ್ಕೆ ಸವೆದು, ಅಂಚು ಗಾಜಿನಷ್ಟು ತೆಳುವು.
"ಹೊಗೆ. ಬಾಯಿ ಮುಚ್ಚಿಕೊಂಡು ದುಡಿಯಬೇಕಿತ್ತು.
ನಾನೋ, ಮಾತಿನ ಮಲ್ಲ."

ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ
ಎನ್ನುತ್ತಾರೆ ನಮ್ಮಲ್ಲಿ, ಎಂದೆ.
ಹುಣಸೆ ಎಂದರೇನು, ಕೇಳಿದರು.
ಸ್ಟಾಫ್ ರೂಮಿನ ಕಂದು ಸಾಸಿನ ಬಾಟಲಿ ತಂದು
ಸಣ್ಣಕ್ಷರದಲ್ಲಿ ಅವಿತಿದ್ದ ಅದರ ಹೆಸರು ತೋರಿಸಿದೆ.
ಅರವತ್ತು ವರ್ಷ ತಿಂದಿದ್ದಾರೆ, ಗೊತ್ತೇ ಇಲ್ಲ.

ಸತುವಿಗಿಳಿಸುವ ಮುನ್ನ ಹಚ್ಚುತ್ತಿದ್ದ ಬಿಳಿ ಉಪ್ಪು,
ಅದರ ಕೆಮ್ಮಿಸುವ ಹೊಗೆ ಅವರು ವರ್ಣಿಸುವಾಗ
ನನ್ನ ಮೂಗು ನನಗಿಂತ ಮೊದಲು ಹೇಳಿತು:
ನವಸಾಗರ!
ಗದಗಿನ ಓಣಿಯಲ್ಲಿ ಅಜ್ಜ ಮಕ್ತುಮಸಾಬ
ತಿದಿ ಒತ್ತಿ, ಕಾದ ಪಾತ್ರೆಗೆ ಚಿಟಿಕೆ ಎಸೆದು
ತವರದ ಕಡ್ಡಿ ಮುಟ್ಟಿಸಿ, ಅರಳೆಯಲ್ಲಿ ಗರಗರ ಒರೆಸಿ
ಒಳಗೆ ಅವನದೇ ಗಡ್ಡ ಕಂಡರೆ ಮಾತ್ರ
ಕೂಲಿ ಕೇಳುತ್ತಿದ್ದ.
ಸಾರಿಗೂ ತಾಮ್ರಕ್ಕೂ ನಡುವೆ ಕೂದಲೆಳೆಯಷ್ಟು ಕಲಾಯಿ.
ಅದು ಸವೆದ ಮನೆಗಳಲ್ಲಿ ರಾತ್ರಿ ಉಳಿದ ಸಾರು
ಬೆಳಗಾಗುವಷ್ಟರಲ್ಲಿ ಹಸಿರು ಕಿಲುಬು.
ಇವತ್ತು ಸುಮ್ಮನಿದ್ದ ತಾಮ್ರವೂ, ಕೀರನ್,
ಗಾಳಿಯ ಸಹವಾಸ ಸಿಕ್ಕರೆ ಸುಮ್ಮನಿರುವುದಿಲ್ಲ.

ಟ್ರಾಂಟರ್ ಕಿಟಕಿ ಮರೆತು ಸ್ಟೂಲಿನ ಮೇಲೆ ಕೂತರು.
"ಹುಳಿ ಲೋಹ ತಿನ್ನುತ್ತದೆ, ಅದು ನನಗೆ ಬಾಯಿಪಾಠ.
ಡೋರೀನ್ ಹೋದ ಮೊದಲ ಭಾನುವಾರ
ಅವಳ ಜಾಮ್ ಪಾತ್ರೆ, ಅಲ್ಯೂಮಿನಿಯಮ್ಮಿನದು,
ತಳ ಹತ್ತಿತ್ತು. ಮೋರಿ ತೊಳೆಯುವ ಪುಡಿ ಸುರಿದೆ.
ಕ್ಷಾರ ತಾನೇ, ಸೋಪಿನ ಅಕ್ಕ ಅಂದುಕೊಂಡೆ.
ಕುದಿಯಿತು, ಕಪ್ಪಾಯಿತು, ಹಾವಿನ ಹಾಗೆ ಉಸಿರುಬಿಟ್ಟಿತು.
ನಾನು ಕಿಟಕಿ ತೆಗೆಯುವಷ್ಟರಲ್ಲಿ ತಳದಲ್ಲಿ ತೂತು.
ಅದು ಯಾಕೆ ತಿಂದಿತು?"

ಅಲ್ಯೂಮಿನಿಯಮ್ಮಿನ ಮೈಮೇಲೆ ಒಂದು ಪೊರೆ ಇದೆ,
ಕ್ಷಾರ ಮೊದಲು ಅದನ್ನು ಬಿಡಿಸುತ್ತದೆ, ಎಂದೆ.
ಕೆಲವಕ್ಕೆ ಹುಳಿಯೂ ಆಗದು, ಸವುಳೂ ಆಗದು.
ಅವರು ತಲೆಯಾಡಿಸಿದರು.
ಪಾತ್ರೆಯನ್ನು ಎಸೆದಿರಾ ಎಂದು ನಾನು ಕೇಳಲಿಲ್ಲ.

ಅವರು ಹೋದ ಮೇಲೆ, ಉಳಿದ ಸತು ಜರಡಿ ಹಿಡಿದು
ತೊಳೆದು, ಒರೆಸಿ ತೂಗಿದೆ.
ಕೊಟ್ಟದ್ದು ನೂರು ಗ್ರಾಂ, ಬಂದದ್ದು ಅರವತ್ತೆರಡು.
ರಿಜಿಸ್ಟರಿನಲ್ಲಿ ಇರುವುದು ಒಂದೇ ಅಂಕಣ: ಬಳಸಿದ್ದು.
ಮಿಕ್ಕ ಮೂವತ್ತೆಂಟು, ಬಕೆಟ್ಟಿನ ಈ ತಿಳಿನೀರಿನಲ್ಲೇ
ಎಲ್ಲೋ ಇದೆ, ಬಣ್ಣವಿಲ್ಲದೆ.
ಒಂದು ಬಟ್ಟಲು ತೆಗೆದು ಹೀಟರಿನ ಮೇಲಿಟ್ಟೆ.

ಬೆಳಿಗ್ಗೆ ನೋಡಿದರೆ ಹರಳಾಗಿಲ್ಲ.
ಊರಿನ ತೇವವನ್ನೆಲ್ಲ ಕುಡಿದು
ಬಿಳಿ ಅಂಟು, ಅಂಚಿನಲ್ಲಿ ಒಂದು ಗೆರೆ.
ಕಸದ ಚೀಲ ಹಿಡಿದು ಟ್ರಾಂಟರ್ ಬಗ್ಗಿದರು.
"ಓ, ಇದಾ.
ನಮ್ಮ ಬೂಟಿನ ಮೇಲೆಲ್ಲ ಕೂತಿರುತ್ತಿತ್ತು.
ಅವಳು ಬಾಗಿಲಲ್ಲೇ ಬಿಚ್ಚಿಸುತ್ತಿದ್ದಳು."